ಉಸ್ತಾದರ ಕೆಂಪು ಚುಕ್ಕಿ

ಹರಿಹರದ ಉಸ್ತಾದರು ತೀರಿಕೊಂಡು ಆರು ತಿಂಗಳಾಯಿತು. ಅವರಿಗೆ ತಂದೆ ತಾಯಿ ಇಟ್ಟ ಚೆಂದದ ಹೆಸರೊಂದಿತ್ತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಒಮ್ಮೆ ಮಸಿ ಹತ್ತಿದ್ದು ನನ್ನಿಂದ. ಅದೇ ಕೈಯಿಂದ ಅದನ್ನು ಬರೆಯುವ ಧೈರ್ಯ ಇನ್ನೂ ಬಂದಿಲ್ಲ. ದಾವಣಗೆರೆ, ಹರಿಹರದಲ್ಲಿ ಹಳೇ ಗಾಡಿ ಇಟ್ಟುಕೊಂಡವರೆಲ್ಲ ಅವರನ್ನು ಉಸ್ತಾದ್ ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ನಾನು ಬರೆದು ರೂಢಿ ಇದ್ದವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಾಡಿಗಳಿಗೆ ಬಣ್ಣ ಹೊಡೆಯುವ ಕೆಲಸ ಹಿಡಿದವನು. ಮೂವತ್ತು ವರ್ಷ ದುಡಿದು ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಹತ್ತಿರ ಸ್ವಂತ ಶೆಡ್ಡು ಹಾಕಿದ್ದೇನೆ. ನಾನು ಬಣ್ಣ ಹೊಡೆದ ಗಾಡಿಯ ಮೇಲೆ ಬೆರಳಾಡಿಸಿ ನೋಡಿ, ಎಲ್ಲಿ ತಗ್ಗು ಬಿದ್ದಿತ್ತು, ಎಲ್ಲಿ ಬೆಸುಗೆ ಹಾಕಿದೆ ಅಂತ ಯಾರೂ ಹೇಳಲಾರರು. ಇದು ಜಂಬ ಅಂದರೆ ಅನ್ನಲಿ. ಜಂಬ ಇತ್ತು. ನಾನು ಹೇಳಬೇಕಾದದ್ದರಲ್ಲಿ ಅದಕ್ಕೂ ಪಾಲಿದೆ.

ಉಸ್ತಾದರ ಅಂಗಡಿ ಹರಿಹರದ ಹಳೇ ರಸ್ತೆಯ ಬದಿಗಿತ್ತು. ಅಂಗಡಿ ಅಂದರೆ ಒಂದು ತಗಡಿನ ಕೋಣೆ, ಮುಂದೊಂದು ಬೇವಿನ ಮರ, ಮರದ ಕೆಳಗೊಂದು ಮೇಜು. ಹಿಂದೆಯೇ ಮನೆ. ಮೇಜಿನ ಮೇಲೆ ಬಿಳೀ ಪಿಂಗಾಣಿ ತಟ್ಟೆಗಳು. ಕಾರ್ಬೊರೇಟರ್ ಬಿಚ್ಚಿದರೆ ಅದರ ಒಂದೊಂದು ಸಾಮಾನೂ ಆ ತಟ್ಟೆಗೆ ಬರಬೇಕು. ಬಿಳೀ ತಟ್ಟೆಯಲ್ಲಿ ಸಾಸಿವೆ ಕಾಳಿನಷ್ಟು ಸ್ಪ್ರಿಂಗು ಕೂಡ ಕಣ್ಣಿಗೆ ಬೀಳುತ್ತದೆ. ಉಳಿದ ಮೆಕ್ಯಾನಿಕ್ಕುಗಳ ಅಂಗಡಿಗೆ ಹೋದರೆ ಚಪ್ಪಲಿಗೆ ಆಯಿಲ್ ಅಂಟುತ್ತಿತ್ತು. ಉಸ್ತಾದರು ಬಿಳೀ ಅಂಗಿ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಸಂಜೆ ಆ ಅಂಗಿಯಲ್ಲೇ ಮಸೀದಿಗೆ ಹೋಗುತ್ತಿದ್ದರು.

ಇಂದಿನವರಿಗೆ ಕಾರ್ಬೊರೇಟರ್ ಗೊತ್ತಿರಲಿಕ್ಕಿಲ್ಲ. ಹೊಸ ಗಾಡಿಗಳಲ್ಲಿ ಅದಿಲ್ಲ. ಗಾಳಿಗೆ ಎಷ್ಟು ಪೆಟ್ರೋಲು ಬೆರೆಸಬೇಕು ಅಂತ ಅಳೆದು ಎಂಜಿನ್ನಿಗೆ ಉಣ್ಣಿಸುವ ಅಡುಗೆಯವನು ಅದು. ಉಣ್ಣಿಸಿದ್ದು ಹೆಚ್ಚಾದರೆ ಎಂಜಿನ್ ಕಪ್ಪು ಹೊಗೆ ಕಾರುತ್ತದೆ, ಕಮ್ಮಿಯಾದರೆ ಕೆಮ್ಮಿ ನಿಲ್ಲುತ್ತದೆ. ಗಾಡಿಗೆ ಏನೇ ಆದರೂ ಜನ ಮೊದಲು ಬೈಯುವುದು ಅದನ್ನೇ.

ಉಸ್ತಾದರು ಅದನ್ನು ಕೊನೆಗೆ ಮುಟ್ಟುತ್ತಿದ್ದರು. ಗಾಡಿ ಬಂದರೆ ಮೊದಲು ಮಾಲೀಕನನ್ನು ಕೂರಿಸಿ ಕೇಳುವರು.

“ಎಲ್ಲಿ ನಿಲ್ತೈತೆ? ಏರಿನಾಗೋ, ಇಳಿಜಾರಿನಾಗೋ?”

“ಉಸ್ತಾದ್ರೆ, ಕಾರ್ಬೊರೇಟರ್ ಕಚಡಾ ಕೂತೈತೆ, ಬಿಚ್ಚಿ ತೊಳೀರಿ ಸಾಕು.”

“ನಿಮಗೆ ಗೊತ್ತಿದ್ರೆ ಇಲ್ಲಿತನಕ ಯಾಕ ಬಂದ್ರಿ? ಏರಿನಾಗೋ, ಇಳಿಜಾರಿನಾಗೋ ಹೇಳ್ರಿ.”

ಆಮೇಲೆ ಪ್ಲಗ್ಗು ಬಿಚ್ಚಿ ಬಣ್ಣ ನೋಡುವರು. ಬೆಲ್ಲದ ಬಣ್ಣ ಇದ್ದರೆ ಹದ ಸರಿ ಇದೆ ಅಂತ ತಲೆಯಾಡಿಸುವರು. ವೈರು ನೋಡುವರು, ಪೈಪು ನೋಡುವರು, ಎಲ್ಲಾದರೂ ಗಾಳಿ ಹೀರುತ್ತಿದೆಯಾ ಅಂತ ಜೋಡಣೆಗಳ ಹತ್ತಿರ ಕೈ ಹಿಡಿಯುವರು. ಎಲ್ಲ ಮುಗಿದ ಮೇಲೆ, ತಪ್ಪು ಬೇರೆಲ್ಲೂ ಸಿಗದಿದ್ದರೆ ಮಾತ್ರ ಕಾರ್ಬೊರೇಟರಿಗೆ ಕೈ. “ಬಾಯಿಲ್ಲದ್ದು ಅದು. ನಾನಲ್ಲ ಅಂತ ಹೇಳಾಕೆ ಅದಕ್ಕೆ ಬರಲ್ಲ. ಅದಕ್ಕೇ ಎಲ್ಲಾರೂ ಅದರ ಮ್ಯಾಲೇ ಹಾಕ್ತಾರೆ” ಅನ್ನುತ್ತಿದ್ದರು.

ಪೆಟ್ರೋಲು ಅಳೆದು ಬಿಡುವ ಹಿತ್ತಾಳೆಯ ತುಣುಕಿಗೆ ಜೆಟ್ ಅನ್ನುತ್ತಾರೆ. ನಡುವೆ ಸೂಜಿಮೊನೆಯಷ್ಟು ತೂತು. ಅದು ಕಟ್ಟಿಕೊಂಡರೆ ಬೇರೆಯವರು ತಂತಿ ತೂರಿಸಿ ಕೆರೆಯುತ್ತಿದ್ದರು. ಉಸ್ತಾದರ ಮುಂದೆ ಯಾರಾದರೂ ತಂತಿ ಹಿಡಿದರೆ ಮುಗಿಯಿತು. “ಕಿವಿ ಕಡಿದ್ರೆ ಮೊಳೆ ಹಾಕ್ಕೊಂತೀಯೇನೋ?” ಹಿತ್ತಾಳೆ ಮೆದು, ತಂತಿ ಹಾಕಿದರೆ ತೂತು ದೊಡ್ಡದಾಗಿ ಅಳತೆ ಕೆಡುತ್ತದೆ. ಅವರ ಹತ್ತಿರ ಒಂದು ಬೆಂಕಿಪೊಟ್ಟಣದಲ್ಲಿ ಕುದುರೆ ಬಾಲದ ಕೂದಲಿದ್ದವು. ಜಟಕಾಗಳಿದ್ದ ಕಾಲದಲ್ಲಿ ಸ್ಟ್ಯಾಂಡಿನಿಂದ ತಂದವು. ಜಟಕಾ ಹೋದ ಮೇಲೆ ಹೊಸ ಕೂದಲು ಸಿಗದೆ, ಇದ್ದ ಹದಿನೈದಿಪ್ಪತ್ತನ್ನೇ ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಮತ್ತೆ ಪೊಟ್ಟಣಕ್ಕೆ ಹಾಕುತ್ತಿದ್ದರು. ಕೂದಲು ಹಾಯಿಸಿ, ಬಾಯಿಂದ ಊದಿ, ಕೊನೆಗೆ ಜೆಟ್ಟನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವರು. “ಸೂರ್ಯ ಕಾಣ್ತಾನೆ” ಅಂದರೆ ಆ ಕೆಲಸ ಮುಗಿದಂತೆ.

ಒಮ್ಮೆ ದಾವಣಗೆರೆ ವಿದ್ಯಾನಗರದ ಹಾಸ್ಟೆಲಿನ ಹುಡುಗನೊಬ್ಬ ತಾನೇ ರಿಪೇರಿ ಮಾಡುತ್ತೇನೆ ಅಂತ ಅಜ್ಜನ ಸ್ಕೂಟರಿನ ಕಾರ್ಬೊರೇಟರ್ ಬಿಚ್ಚಿ, ಮತ್ತೆ ಜೋಡಿಸಲು ಬಾರದೆ, ಎಲ್ಲವನ್ನೂ ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಹರಿಹರಕ್ಕೆ ಬಂದಿದ್ದ. ಉಸ್ತಾದರು ಡಬ್ಬಿ ತೆಗೆದು ಒಂದೊಂದೇ ತಟ್ಟೆಗೆ ಇಟ್ಟರು. ಕೊನೆಗೆ ಹುಡುಗನ ಮುಖ ನೋಡಿ, “ಅಡುಗಿ ಚಲೋ ಮಾಡೀಯಪ್ಪ. ಉಪ್ಪು ಎಲ್ಲಿ?” ಅಂದರು. ಜೆಟ್ಟೇ ಇರಲಿಲ್ಲ. ಹುಡುಗ ವಾಪಸ್ಸು ಹೋಗಿ ಹಾಸ್ಟೆಲಿನ ಮಂಚದ ಕೆಳಗೆ ಹುಡುಕಿ ತಂದ. ಅದನ್ನು ತೊಳೆದು, ಜೋಡಿಸುವುದನ್ನು ಅವನ ಕೈಯಲ್ಲೇ ಮಾಡಿಸಿ ಕಳಿಸಿದರು.

ಟ್ಯೂನಿಂಗ್ ಮಾಡುವಾಗ ಅವರನ್ನು ನೋಡಬೇಕಿತ್ತು. ತಣ್ಣಗಿರುವ ಎಂಜಿನ್ನಿಗೆ ಕೈ ಹಚ್ಚುತ್ತಿರಲಿಲ್ಲ. “ಈಗಷ್ಟೇ ಎದ್ದವರ್ನ ಹೆಂಗಿದ್ದೀ ಅಂತ ಕೇಳಬಾರದು, ಬೈತಾರೆ.” ಎಂಜಿನ್ ಚೆನ್ನಾಗಿ ಕಾದ ಮೇಲೆ ಎಡಗೈಯನ್ನು ಮಡ್‌ಗಾರ್ಡಿನ ಮೇಲೆ, ಜ್ವರ ಬಂದ ಮಗುವಿನ ಹಣೆಯ ಮೇಲಿಟ್ಟಂತೆ ಇಟ್ಟು ಕಣ್ಣು ಮುಚ್ಚುವರು. ಬಲಗೈಯಲ್ಲಿ ಸ್ಕ್ರೂಡ್ರೈವರ್. ಗಾಳಿ ಪೆಟ್ರೋಲಿನ ಹದ ಹಿಡಿಯುವ ಸ್ಕ್ರೂವನ್ನು ಒಳಗೆ ತಿರುವುತ್ತಾ ಹೋಗುವರು. ಎಂಜಿನ್ ಏದುಸಿರು ಬಿಟ್ಟು ಇನ್ನೇನು ನಿಲ್ಲಬೇಕು ಅನ್ನುವಲ್ಲಿ ತಡೆದು ಮತ್ತೆ ಹೊರಗೆ ತಿರುವುವರು, ಹೊಟ್ಟೆ ಭಾರವಾದವರ ಹಾಗೆ ಅದು ಕುಂಟುವವರೆಗೆ. ಆ ಎರಡರ ನಡುವೆ ಒಂದು ಜಾಗವಿದೆ. ಅಲ್ಲಿಗೆ ಬಂದಾಗ ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ತಿಳಿಯಾಗುತ್ತದೆ. ನಾವೆಲ್ಲ ಕಿವಿಗೊಟ್ಟು ಕೇಳಿದರೂ ಅದು ಬಂದು ಹೋದದ್ದು ತಿಳಿಯುತ್ತಿರಲಿಲ್ಲ. ಅವರ ಕೈ ಅಲ್ಲೇ ನಿಲ್ಲುತ್ತಿತ್ತು.

ಆಮೇಲೆ ಚುಕ್ಕಿ. ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಮಗಳನ್ನು ಕೂಗುವರು. ಅವಳು ಕೆಂಪು ಉಗುರುಬಣ್ಣದ ಬಾಟಲಿ ತಂದು ಕೊಡುವಳು. ಅರ್ಧ ಸ್ಕ್ರೂವಿನ ತಲೆಯ ಮೇಲೆ, ಅರ್ಧ ಕಾರ್ಬೊರೇಟರಿನ ಮೈ ಮೇಲೆ ಬೀಳುವಂತೆ ಒಂದು ಚುಕ್ಕಿ ಇಡುವರು. ಆಮೇಲೆ ಯಾರಾದರೂ ಸ್ಕ್ರೂ ತಿರುವಿದರೆ ಚುಕ್ಕಿ ಒಡೆದು ಎರಡಾಗುತ್ತದೆ. ಒಂದಾಗಿದ್ದರೆ ಜವಾಬ್ದಾರಿ ಅವರದು, ಎರಡಾಗಿದ್ದರೆ ತಿರುವಿದವನದು.

“ಉಸ್ತಾದ್ರೆ, ಗಂಡಸರಾಗಿ ಉಗುರುಬಣ್ಣ ಹಚ್ತೀರಲ್ಲ, ಒಂದು ಸಹಿ ಮಾಡ್ರಿ” ಅಂತ ನಾನು ಕಾಡುತ್ತಿದ್ದೆ.

“ನನ್ನ ಸಹಿ ಒಂದೊಂದು ಸಲ ಒಂದೊಂದು ತರ ಬರ್ತೈತೆ ಪೇಂಟರ್. ಬ್ಯಾಂಕಿನವರು ವಾಪಸ್ ಕಳಿಸ್ತಾರೆ. ಇದನ್ನ ಯಾರೂ ವಾಪಸ್ ಕಳಿಸಿಲ್ಲ.”

ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಪೇಂಟರ್ ಅಂತಲೇ. ಆ ಕರೆಯಲ್ಲಿ ಒಂದು ಮರ್ಯಾದೆ ಇತ್ತು, ಡಾಕ್ಟರ್ ಅಂದಹಾಗೆ. ನನಗೆ ಎಂಜಿನ್ನಿನ ಕೆಲಸ ಬಾರದು, ಅವರಿಗೆ ಬಣ್ಣದ ಕೆಲಸ ಬಾರದು. ಹಳೇ ಗಾಡಿ ಯಾರ ಹತ್ತಿರ ಮೊದಲು ಬಂದರೂ ಇನ್ನೊಬ್ಬರ ಹತ್ತಿರ ಕಳಿಸುತ್ತಿದ್ದೆವು. ಅವರದೊಂದು ಪದ್ಧತಿ ಇತ್ತು. ಒಬ್ಬ ಕೆಲಸಗಾರ ಇದು ನಾನು ಮಾಡಿದ್ದು, ಸರಿ ಇದೆ ಅಂದರೆ ಅವರು ಅದನ್ನು ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ. “ಕೆಲಸಗಾರ ಮಾತು ಕೊಟ್ಟ ಮ್ಯಾಲೆ ಅನುಮಾನ ಪಡೋದು ಅಂದ್ರೆ ಅವನ ಕೈಗೆ ಉಗುಳಿದಂಗೆ” ಅನ್ನುತ್ತಿದ್ದರು. ಅವರಿಗೆ ಏಟು ಬಿದ್ದದ್ದು ಆ ಪದ್ಧತಿಯಿಂದಲೇ.

ವಿದ್ಯಾನಗರದ ಡಾಕ್ಟರೊಬ್ಬರ ಮನೆಯಲ್ಲಿ ಅವರ ತಂದೆಯ ಕಾಲದ ಪೆಟ್ರೋಲ್ ಜೀಪಿತ್ತು. ವರ್ಷಗಟ್ಟಲೆ ನಿಂತು ತುಕ್ಕು ಹಿಡಿದಿತ್ತು. ಆ ತಂದೆಗೆ ವಯಸ್ಸು ತೊಂಬತ್ತರ ಹತ್ತಿರ. ಒಮ್ಮೆ ತನ್ನ ಜೀಪಿನಲ್ಲಿ ಕೂತು ಹರಿಹರದ ಹೊಳೆಯವರೆಗೆ ಹೋಗಿ ಬರಬೇಕು ಅಂತ ಆಸೆ. ಡಾಕ್ಟರು ಬಣ್ಣ ನನಗೆ ಒಪ್ಪಿಸಿದರು, ಎಂಜಿನ್ ಉಸ್ತಾದರಿಗೆ. ಡ್ಯಾಶ್‌ಬೋರ್ಡಿನ ಹಿಂದೆ ಉಳಿದಿದ್ದ ಅಂಗೈಯಗಲ ಹಳೇ ಬಣ್ಣ ನೋಡಿ ನಾನು ಅದೇ ಹಸಿರನ್ನು ಬೆರೆಸಿದೆ. ಟ್ಯಾಂಕು ತೊಳೆದೆ. ಜೀಪಿನ ಮಗ್ಗುಲಲ್ಲಿ ಎಲ್ಲರಿಗೂ ಕಾಣುವಂತಿರುವ ಟ್ಯಾಂಕಿನ ಮುಚ್ಚಳಕ್ಕೂ ಮೂರು ಕೋಟು ಹೊಡೆದು ಕನ್ನಡಿ ಮಾಡಿದೆ. ಅಂಥ ಕೆಲಸ ಅದಕ್ಕೆ ಮೊದಲು ಮಾಡಿರಲಿಲ್ಲ.

ಉಸ್ತಾದರು ಎಂಜಿನ್ ಸರಿ ಮಾಡಿ, ಟ್ಯೂನ್ ಮಾಡಿ, ಊರ ಪಕ್ಕದ ಗುತ್ತೂರಿನವರೆಗೆ ಹೋಗಿ ಬಂದರು. ಅದು ಅವರ ಮಾಮೂಲಿ ಟ್ರಯಲ್. ಜೀಪು ಬೆಣ್ಣೆಯಂತೆ ಓಡಿತು. ಚುಕ್ಕಿ ಇಟ್ಟು ಕಳಿಸಿದರು. ಡಾಕ್ಟರು ದಾವಣಗೆರೆಗೆ ಒಯ್ಯುವಾಗ ಅರ್ಧ ದಾರಿಯಲ್ಲಿ ಕೆಮ್ಮಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ತಾನಾಗಿ ಸ್ಟಾರ್ಟ್ ಆಯಿತು. ಮತ್ತೆ ಹರಿಹರಕ್ಕೆ ತಂದರು. ಉಸ್ತಾದರು ಎಲ್ಲ ನೋಡಿ, ಕಾರ್ಬೊರೇಟರ್ ಬಿಚ್ಚಿ, ತೊಳೆದು ಕೊಟ್ಟರು. ಗುತ್ತೂರಿಗೆ ಹೋಗಿ ಬಂದರೆ ಏನೂ ಇಲ್ಲ. ದಾವಣಗೆರೆ ದಾರಿಯಲ್ಲಿ ಮತ್ತೆ ನಿಂತಿತು.

ಪ್ರತಿ ಸಲವೂ ಅವರು ನನಗೆ ಫೋನ್ ಮಾಡಿ ಕೇಳಿದ್ದರು.

“ಪೇಂಟರ್, ಟ್ಯಾಂಕ್ ನೋಡೀಯಲ್ಲ?”

“ನಾನೇ ತೊಳೆದು ಕೊಟ್ಟೀನಿ ಉಸ್ತಾದ್ರೆ. ಟ್ಯಾಂಕು, ಮುಚ್ಚಳ ಎಲ್ಲಾ ನಂದು. ಆ ಕಡಿ ಕೈ ಹಾಕಬ್ಯಾಡ್ರಿ, ಬಣ್ಣಕ್ಕೆ ಗೀರು ಬೀಳ್ತೈತೆ.”

“ಆಯ್ತಪ್ಪ, ನೀನು ಹೇಳಿದ ಮ್ಯಾಲೆ ಮುಗೀತು.”

ಮೂರನೇ ಸಲ ಡಾಕ್ಟರು ತಂದೆಯನ್ನು ಕೂರಿಸಿಕೊಂಡು ಬಂದಿದ್ದರು. ಉಸ್ತಾದರು ಮತ್ತೆ ಹದ ನೋಡಿ, ಹೊಸ ಚುಕ್ಕಿ ಇಟ್ಟು ಕೊಟ್ಟರು. ಮುದುಕರು ಹೊಳೆ ನೋಡಿದರು, ಖುಷಿಪಟ್ಟರು. ದಾವಣಗೆರೆಗೆ ವಾಪಸ್ಸು ಹೊರಟಾಗ ಹೆದ್ದಾರಿಯಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ಜೀಪು ಅರ್ಧ ಗಂಟೆ ನಿಂತಿತು. ಮುದುಕರಿಗೆ ತಲೆ ಸುತ್ತಿ ಬಂತು. ಗಾಡಿ ಮತ್ತೆ ಚಾಲೂ ಆದ ಕೂಡಲೇ ಡಾಕ್ಟರು ತಿರುಗಿಸಿಕೊಂಡು ಸೀದಾ ಹರಿಹರಕ್ಕೆ ಬಂದರು. ಬೇರೆ ಗಾಡಿಯೊಂದರ ಬಣ್ಣದ ಮಾತಿಗೆ ಬಂದಿದ್ದ ನಾನು ಅಲ್ಲೇ ಬೇವಿನ ಮರದ ಕೆಳಗಿದ್ದೆ. ಹತ್ತು ಹನ್ನೆರಡು ಜನ ಇದ್ದರು.

“ನನ್ನ ತಂದೆ ರಸ್ತೆಯಲ್ಲಿ ಸಾಯೋದು ಬಾಕಿ ಇತ್ತು” ಅಂದರು ಡಾಕ್ಟರು. “ಮೂರು ಸಲ! ನಿಮಗೆ ವಯಸ್ಸಾಯ್ತು. ಕೈ ಹೋಗಿದೆ. ಅದನ್ನ ಒಪ್ಪಿಕೊಂಡು ಮನೇಲಿ ಕೂತ್ಕೊಳ್ಳಿ, ಊರಿಗೆ ಉಪಕಾರ ಆಗುತ್ತೆ.”

ಉಸ್ತಾದರು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟರು. ಮುದುಕರ ಹತ್ತಿರ ಹೋಗಿ, “ಯಜಮಾನ್ರೆ, ನೀರು ಕುಡೀರಿ” ಅಂತ ಲೋಟ ಕೊಟ್ಟರು. ಆಮೇಲೆ ಡಾಕ್ಟರ ಕಡೆ ತಿರುಗಿ, “ಇರಬೌದು ಡಾಕ್ಟ್ರೆ” ಅಂದರು. ಅಷ್ಟೇ.

ಡಾಕ್ಟರು ಜೀಪಿನ ಕೀಲಿ ನನ್ನ ಕೈಗೆ ಹಾಕಿ, ತಂದೆಯನ್ನು ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದರು. ನಾನು ಜೀಪು ಹೊರಡಿಸಿದೆ. ಅರ್ಧ ದಾರಿಯಲ್ಲಿ ಅದು ಕೆಮ್ಮಿ ನಿಂತಿತು. ಪೆಟ್ರೋಲು ಇದೆಯೋ ಇಲ್ಲವೋ ನೋಡೋಣ ಅಂತ ಇಳಿದು ಟ್ಯಾಂಕಿನ ಮುಚ್ಚಳ ತಿರುವಿದೆ.

ಟ್ಯಾಂಕು ‘ಹುಸ್ಸ್’ ಅಂತ ಒಂದು ದೊಡ್ಡ ಉಸಿರು ಎಳೆದುಕೊಂಡಿತು.

ಎಂಜಿನ್ನಿನ ಕೆಲಸ ಬಾರದ ನನಗೂ ಅದು ಅರ್ಥವಾಯಿತು. ಟ್ಯಾಂಕಿನಿಂದ ಪೆಟ್ರೋಲು ಇಳಿದಷ್ಟು ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಪೆಟ್ರೋಲು ಇಳಿಯದು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇಟ್ಟಿರುತ್ತಾರೆ. ನನ್ನ ಮೂರು ಕೋಟು ಬಣ್ಣ ಆ ತೂತನ್ನು ನುಣ್ಣಗೆ ಮುಚ್ಚಿತ್ತು. ಗುತ್ತೂರಿನವರೆಗಿನ ಸಣ್ಣ ದಾರಿಗೆ ಅದು ತೊಂದರೆ ಕೊಡುತ್ತಿರಲಿಲ್ಲ. ದೂರ ಹೋದಂತೆ ಟ್ಯಾಂಕು ಉಸಿರು ಕಟ್ಟಿ ಪೆಟ್ರೋಲು ಬಿಡುವುದನ್ನು ನಿಲ್ಲಿಸುತ್ತಿತ್ತು. ನಿಲ್ಲಿಸಿಟ್ಟರೆ ಎಲ್ಲಿಂದಲೋ ಸಾವಕಾಶ ಗಾಳಿ ನುಸುಳಿ ಮತ್ತೆ ಸರಿಯಾಗುತ್ತಿತ್ತು. ಕೀಲಿಗೊಂಚಲಿನಲ್ಲಿದ್ದ ಪಿನ್ನಿನಿಂದ ತೂತು ಚುಚ್ಚಿದೆ. ಹಸಿರು ಬಣ್ಣದ ಸಣ್ಣ ಚಕ್ಕೆಯೊಂದು ಎದ್ದು ಬಂತು. ಆಮೇಲೆ ಜೀಪು ವಿದ್ಯಾನಗರದವರೆಗೆ ಎಲ್ಲೂ ನಿಲ್ಲಲಿಲ್ಲ.

ಗೇಟಿನಲ್ಲಿ ಡಾಕ್ಟರು ನಿಂತಿದ್ದರು. “ನಿಲ್ಲಲಿಲ್ವಾ? ಏನ್ಮಾಡಿದ್ರಿ?”

“ಕಾರ್ಬೊರೇಟರ್ ಒಂಚೂರು ಸೆಟ್ ಮಾಡಿದೆ ಸರ್” ಅಂದೆ.

ದಾರಿಯುದ್ದಕ್ಕೂ ನಿಜವನ್ನೇ ಹೇಳಬೇಕು ಅಂದುಕೊಂಡು ಬಂದವನು ನಾನು. ಆ ಹಸಿರು ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು. ಡಾಕ್ಟರ ತಂದೆ ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ನನ್ನ ಬಣ್ಣದ ಮೇಲೆ ತಪ್ಪು ಹಾಕಲು ನನ್ನ ನಾಲಿಗೆ ಏಳಲಿಲ್ಲ. ಬಾಯಿಲ್ಲದ್ದರ ಮೇಲೆ ಹಾಕಿದೆ.

ಆ ಮಾತು ನನಗಿಂತ ಮುಂಚೆ ಊರು ಸುತ್ತಿತು. ಉಸ್ತಾದರ ಕೈಯಲ್ಲಿ ಆಗದ್ದನ್ನು ಪೇಂಟರ್ ದಾರಿಯಲ್ಲಿ ನಿಂತು ಮಾಡಿದನಂತೆ ಅಂತ. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಹಳೇ ಗಾಡಿಗಳು ನನ್ನ ಶೆಡ್ಡಿಗೆ ಹೆಚ್ಚಾಗಿ ಬರತೊಡಗಿದವು.

ಆ ದಿನದ ನಂತರ ಉಸ್ತಾದರು ಕಾರ್ಬೊರೇಟರ್ ಮುಟ್ಟಲಿಲ್ಲ. ಯಾರಾದರೂ ತಂದರೆ, “ಕೈ ಹೋಗೈತೆ, ಬ್ಯಾರೆ ಕಡಿ ನೋಡ್ರಿ” ಅನ್ನುವರಂತೆ. ಪಂಕ್ಚರ್ ಹಾಕುತ್ತಾ, ಚಕ್ರಕ್ಕೆ ಗಾಳಿ ತುಂಬುತ್ತಾ ಕೂತರು. ಊರು ಅಂದದ್ದು ಬೇರೆ, ಅವರೇ ಅದನ್ನು ನಂಬಿಬಿಟ್ಟರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವರ್ಷ ಹರಿಹರಕ್ಕೆ ಹೋದಾಗ ಹಳೇ ರಸ್ತೆ ಬಿಟ್ಟು ಬೇರೆ ದಾರಿಯಲ್ಲಿ ಹೋದೆ.

ಕಳೆದ ವರ್ಷ ಡಾಕ್ಟರು ಜೀಪನ್ನು ನನ್ನ ಶೆಡ್ಡಿಗೆ ತಂದರು. ಅವರ ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು. “ನಿಂತಲ್ಲಿ ಸ್ವಲ್ಪ ನಡುಗುತ್ತೆ. ಆವತ್ತು ಸೆಟ್ ಮಾಡಿದ್ರಲ್ಲ, ಹಾಗೇ ಮಾಡಿಕೊಡಿ” ಅಂತ ಬಿಟ್ಟು ಹೋದರು.

ಬಾನೆಟ್ ಎತ್ತಿದೆ. ಧೂಳಿನ ನಡುವೆ ಕೆಂಪು ಚುಕ್ಕಿ ಇತ್ತು. ಒಂದೇ ಆಗಿತ್ತು. ಅರ್ಧ ಸ್ಕ್ರೂ ಮೇಲೆ, ಅರ್ಧ ಮೈ ಮೇಲೆ, ಕೂದಲೆಳೆಯಷ್ಟೂ ಬಿರುಕಿಲ್ಲದೆ. ನಾನು ಏನೂ ಮಾಡಿಲ್ಲ ಅನ್ನುವುದಕ್ಕೆ ನಾಲ್ಕು ವರ್ಷದಿಂದ ಸಾಕ್ಷಿ ಅಲ್ಲಿ ಕೂತಿತ್ತು. ಸ್ಕ್ರೂಡ್ರೈವರ್ ಹಿಡಿದ ಕೈ ಮುಂದೆ ಹೋಗಲಿಲ್ಲ. ಬಾನೆಟ್ ಮುಚ್ಚಿ ಜೀಪನ್ನು ಹರಿಹರಕ್ಕೆ ಓಡಿಸಿದೆ.

ಉಸ್ತಾದರು ಮರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು. ಸೊರಗಿದ್ದರು. ಅಂಗಿ ಮಾತ್ರ ಬಿಳಿ.

“ಬಾ ಪೇಂಟರ್. ದಾರಿ ತಪ್ಪಿ ಬಂದ್ಯಾ?”

ನಾನು ಕೂರಲಿಲ್ಲ. ಜೀಪಿನ ಟ್ಯಾಂಕಿನ ಮುಚ್ಚಳ ಬಿಚ್ಚಿ ತಂದು ಅವರ ಕೈಗೆ ಕೊಟ್ಟು ಎಲ್ಲ ಹೇಳಿದೆ. ಬಣ್ಣ ಕೂತದ್ದು, ಟ್ಯಾಂಕು ಉಸಿರೆಳೆದದ್ದು, ಪಿನ್ನು, ಗೇಟಿನಲ್ಲಿ ಆಡಿದ ಸುಳ್ಳು. ಮಗಳು ಹೊಲಿಗೆ ಮಿಷನ್ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು.

ಅವರು ಮುಚ್ಚಳವನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದರು.

“ಸೂರ್ಯ ಕಾಣ್ತಾನೆ” ಅಂದರು. ಆಮೇಲೆ, “ನಾನು ಟ್ಯಾಂಕ್ ನೋಡೀಯಾ ಅಂತ ಕೇಳಿದ್ನಲ್ಲ?”

“ಕೇಳಿದ್ರಿ.”

“ಎಷ್ಟು ಸಲ?”

“ಮೂರು ಸಲ.”

“ಹೂಂ.” ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡರು. “ನಾಕು ವರ್ಷ ಈ ಕೈನ ಬೈದೀನಿ. ನಿದ್ದಿ ಬರದಿದ್ರೆ ಎದ್ದು ಕೂತು, ಎಲ್ಲಿ ತಪ್ಪಿದೆ ಅಂತ ಮೊದಲಿಂದ ಒಂದೊಂದೇ ತಟ್ಟೆಗೆ ಇಟ್ಟು ನೋಡೀನಿ. ತಪ್ಪು ಸಿಗಲಿಲ್ಲ. ತಪ್ಪು ಸಿಗದಿರೋದೇ ಕೈ ಹೋಗಿದ್ದಕ್ಕೆ ಗುರುತು ಅಂದ್ಕೊಂಡೆ.”

ಅವರು ಬೈದಿದ್ದರೆ ಒಳ್ಳೆಯದಿತ್ತು. ನಾನು ಕಾಲು ಹಿಡಿಯಲು ಬಗ್ಗಿದೆ. “ಏ, ಏಳು, ಇದೆಲ್ಲಾ ಬ್ಯಾಡ. ಗಾಡಿ ಚಾಲೂ ಮಾಡು” ಅಂದರು.

ಎಂಜಿನ್ ಕಾಯುವವರೆಗೆ ಸುಮ್ಮನೆ ನಿಂತರು. ಎಡಗೈ ಮಡ್‌ಗಾರ್ಡಿನ ಮೇಲೆ ಇಟ್ಟು ಕಣ್ಣು ಮುಚ್ಚಿದರು. ಬಲಗೈ ನಡುಗುತ್ತಿತ್ತು, ಸ್ಕ್ರೂಡ್ರೈವರಿನ ಮೊನೆ ಸ್ಕ್ರೂವಿಗೆ ಕೂತ ಮೇಲೆ ನಡುಕ ನಿಂತಿತು. ತಮ್ಮ ಚುಕ್ಕಿಯನ್ನು ತಾವೇ ಒಡೆದರು. ಒಳಗೆ, ಹೊರಗೆ, ಮತ್ತೆ ಒಂಚೂರು ಒಳಗೆ. ಜೀಪಿನ ನಡುಕ ಕರಗಿ ಸದ್ದು ತಿಳಿಯಾಯಿತು. ಆ ದಿನ ಮೊದಲ ಬಾರಿಗೆ ನನಗೂ ಅದು ಕೇಳಿಸಿತು. ಉಸ್ತಾದರು ಕಣ್ಣು ತೆರೆದು ತಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

ಅವರು ಕೇಳುವ ಮೊದಲೇ ಮಗಳು ಉಗುರುಬಣ್ಣದ ಬಾಟಲಿ ತಂದು ಅಪ್ಪನ ಮುಂದೆ ಹಿಡಿದಳು. “ಅಬ್ಬಾ, ತಗೋ.”

“ಈಗ ಬ್ಯಾಡ ಬೇಟಾ, ಒಳಗಿಡು.” ನನ್ನ ಕಡೆ ತಿರುಗಿದರು. “ಪೇಂಟರ್, ಡಾಕ್ಟ್ರು ನನಗೆ ಕೈ ಹೋಗೈತೆ ಅಂದಿದ್ದು ಇಲ್ಲೇ, ನಾಕು ಮಂದಿ ಮುಂದೆ. ನೀನು ನನಗೊಬ್ಬನಿಗೆ ಹೇಳಿದ್ರೆ ಆಗಲ್ಲ. ಅವರನ್ನ ಕರ್ಕೊಂಡು ಬಾ. ಇಲ್ಲೇ, ನಾಕು ಮಂದಿ ಮುಂದೆ ಹೇಳು. ಆಮ್ಯಾಲೆ ಚುಕ್ಕಿ ಇಡ್ತೀನಿ.”

“ಬರೋ ಭಾನುವಾರ ಕರ್ಕೊಂಡು ಬರ್ತೀನಿ ಉಸ್ತಾದ್ರೆ.”

“ಬಾ.”

ಆ ಭಾನುವಾರ ಡಾಕ್ಟರು ಖಾಲಿ ಇದ್ದರು. ಖಾಲಿ ಇರಲಿಲ್ಲ ಅಂತ ಬರೆದರೆ ಯಾರಿಗೂ ತಿಳಿಯದು, ಆದರೆ ಇದ್ದರು. ಅವರಿಗೆ ಫೋನ್ ಮಾಡಲು ನನಗೇ ಆಗಲಿಲ್ಲ, ಮುಂದಿನ ವಾರ ನೋಡೋಣ ಅಂದುಕೊಂಡೆ. ಊರಿನವರ ಮುಂದೆ ನಿಂತು ನನ್ನ ಬಣ್ಣದ ತಪ್ಪು ಅನ್ನುವುದು ಹೇಗೆ? ಹೀಗೆ ಮೂರು ಭಾನುವಾರ ಹೋದವು. ನಾಲ್ಕನೆಯದು ಬರುವ ಮೊದಲೇ, ಬುಧವಾರ ಬೆಳಿಗ್ಗೆ, ಉಸ್ತಾದರ ಮಗಳ ಫೋನ್ ಬಂತು. “ಅಣ್ಣಾ, ಅಬ್ಬಾ ಹೋಗ್ಬಿಟ್ರು.”

ಅವತ್ತು ಮಾತ್ರ ಡಾಕ್ಟರಿಗೆ ಫೋನ್ ಮಾಡಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಅವರು ಜೀಪಿನಲ್ಲೇ ಬಂದರು. ಮಣ್ಣು ಮುಗಿಸಿಕೊಂಡು ಖಬರಸ್ತಾನದಿಂದ ಬಂದವರೆಲ್ಲ ಬೇವಿನ ಮರದ ಕೆಳಗೆ ಕೂತರು. ಎರಡೂ ಊರಿನ ಮೆಕ್ಯಾನಿಕ್ಕುಗಳು ಮೂವತ್ತು ನಲವತ್ತು ಜನ ಇದ್ದರು. ನಾನು ಎದ್ದು ನಿಂತು ಹೇಳಿದೆ. ಕಾಲು ಗಂಟೆಯ ಮಾತಾಗಬಹುದು ಅಂತ ನಾಲ್ಕು ವರ್ಷ ಹೆದರಿದ್ದೆ. ಅದು ನಾಲ್ಕೈದು ವಾಕ್ಯದಲ್ಲಿ ಮುಗಿದುಹೋಯಿತು.

ಒಬ್ಬ ಹಿರಿಯ ಮೆಕ್ಯಾನಿಕ್ಕು, “ಒಂದು ವಾರ ಮೊದಲು ನಿನಗೆ ಬಾಯಿ ಇರಲಿಲ್ಲೇನೋ?” ಅಂದ. ಡಾಕ್ಟರು ಎದ್ದು ಜೀಪಿನ ಹತ್ತಿರ ಹೋಗಿ, ಮುಚ್ಚಳದ ಮೇಲಿನ ಆ ತೂತಿನ ಮೇಲೆ ಬೆರಳಿಟ್ಟುಕೊಂಡು ನಿಂತರು. “ನಮ್ಮ ತಂದೆ ಸಾಯೋ ತನಕ ಕೇಳ್ತಿದ್ರು, ನೀರು ಕೊಟ್ರಲ್ಲ ಆ ಸಾಹೇಬ್ರು ಹೇಗಿದಾರೆ ಅಂತ. ನಾನು ಒಂದು ಸಲವೂ ಬಂದು ನೋಡಲಿಲ್ಲ” ಅಂದರು.

ಜನ ಚದುರಿದ ಮೇಲೆ ಮಗಳು ಒಳಗಿನಿಂದ ಬಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. “ತಗೋರಿ. ನಾವು ಇಟ್ಕೊಂಡು ಏನು ಮಾಡೋಣ?” ಅಂದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಬಾಗಿಲು ಹಾಕಿಕೊಂಡಳು.

ಈಗ ಆ ಬಾಟಲಿ ನನ್ನ ಶೆಡ್ಡಿನ ಕಪಾಟಿನಲ್ಲಿ, ಬಣ್ಣದ ಡಬ್ಬಿಗಳ ಸಾಲಿನಲ್ಲಿದೆ. ಜೀಪು ಆಗಾಗ ಬರುತ್ತದೆ. ಬಾನೆಟ್ ಎತ್ತಿ ನೋಡುತ್ತೇನೆ. ಉಸ್ತಾದರು ನಿಲ್ಲಿಸಿದ ಜಾಗದಲ್ಲೇ ಸ್ಕ್ರೂ ಇದೆ, ಹಳೇ ಚುಕ್ಕಿಯ ಎರಡು ಹೋಳುಗಳು ದೂರ ದೂರ ಇವೆ. ಎಂಜಿನ್ ತಿಳಿಯಾಗಿ ಓಡುತ್ತಿದೆ.

“ನೀವೇ ಒಂದು ಚುಕ್ಕಿ ಇಟ್ಟುಬಿಡಿ. ಹೇಳಬೇಕಾದ್ದು ಹೇಳಿ ಆಯ್ತಲ್ಲ. ಪೇಂಟರ್ ಅಲ್ವಾ ನೀವು?” ಅಂದರು ಡಾಕ್ಟರು ಮೊನ್ನೆ.

ಬಾಟಲಿ ತೆಗೆದೆ. ಬಣ್ಣ ಇನ್ನೂ ಒಣಗಿಲ್ಲ. ಕುಂಚವನ್ನು ಸ್ಕ್ರೂವಿನವರೆಗೂ ಒಯ್ದೆ. ಇಡೀ ಲಾರಿಗಳಿಗೆ ಬಣ್ಣ ಹೊಡೆದ ಕೈ ಇದು. ಎಳ್ಳುಕಾಳಿನಷ್ಟು ಕೆಂಪು ಇಡಲು ಆಗಲಿಲ್ಲ. ಮುಚ್ಚಳ ತಿರುವಿ ಬಾಟಲಿಯನ್ನು ಮತ್ತೆ ಕಪಾಟಿನಲ್ಲಿಟ್ಟೆ.